ಫ್ಲಾಪಿಯೊಳಗಿನ ಒಡಪುಗಳು

ನಾನು ಬಾಯಿ ಬಿಡುವುದು ಕಡಿಮೆ. ಅಂಥವರಿಗೇ ಇಂಥವು ಗಂಟುಬೀಳುತ್ತವೆ. ‘ಆಗಲ್ಲ’ ಅನ್ನಲು ಧೈರ್ಯ ಕೂಡಿಸಿಕೊಳ್ಳುವಷ್ಟರಲ್ಲಿ ಕೆಲಸ ನಮ್ಮ ಕೈಗೆ ಬಂದಿರುತ್ತದೆ.

ಬೀಡಿ ಎಂಬ ಊರಿನಿಂದ ಬಂದ ದೊಡ್ಡವ್ವ ನನ್ನ ಕೈಗಿಟ್ಟದ್ದು ಒಂದು ಫ್ಲಾಪಿ, ಅಂಗೈಯಗಲದ ಹಳೆಯ ಕಾಲದ ಡಿಸ್ಕು. ಅವಳ ಮಗಳ ಮದುವೆ ಹತ್ತಿರ ಬಂದಿತ್ತು. ಬೀಗರು ಖಾನಾಪುರದವರು. ಗಂಡನ ಹೆಸರು ಕೂಡಿಸಿ ಪ್ರಾಸದ ಒಡಪು ಹೇಳುವುದರಲ್ಲಿ ಆ ಮನೆಯ ಹೆಂಗಸರು ಗಟ್ಟಿ, ಅದೂ ಕನ್ನಡ ಮರಾಠಿ ಎರಡರಲ್ಲೂ.

“ನಮ್ಮ ಓಣ್ಯಾಗ ಒಡಪು ಹೇಳ್ರಿ ಅಂದ್ರ ಎಲ್ಲಾರೂ ಮರತೇವಿ ಅಂತಾರ. ಬೀಗರ ಮುಂದ ಬಾಯಿ ಮುಚ್ಚಿಕೊಂಡು ಕುಂದ್ರೂದ ಏನ? ಹಿಂದಕ ಓಣಿ ಹೆಂಗಸರವು ಮೂವತ್ತು ಒಡಪು ಕೂಡಿಸಿ ಇದರಾಗ ಹಾಕಿಸಿದ್ದೆ. ಬರದಿಟ್ಟ ಹಾಳಿ ಗೆದ್ದಲ ತಿಂತು. ತಗದು ಕೊಡವಾ, ಮರ್ಯಾದಿ ಪ್ರಶ್ನಿ ಐತಿ.”

ನನ್ನ ಲ್ಯಾಪ್‌ಟಾಪಿನಲ್ಲಿ ಫ್ಲಾಪಿ ತೂರಿಸಲು ಕಿಂಡಿಯೇ ಇಲ್ಲ.

ಚಾಚಾನ ಗ್ಯಾರಂಟಿ

ಖಾಸಬಾಗದ ಗುಜರಿ ಅಂಗಡಿಯ ಚಾಚಾ ಹಳೆಯ ಫ್ಯಾನುಗಳ ಹಿಂದಿನಿಂದ ಒಂದು ಡೆಸ್ಕ್‌ಟಾಪ್ ಎಳೆದರು. ಒಂದು ಕಾಲದಲ್ಲಿ ಬಿಳಿ ಇದ್ದದ್ದು ಈಗ ಚಹಾದ ಬಣ್ಣಕ್ಕೆ ತಿರುಗಿತ್ತು. ಅದರ ಮಾನಿಟರನ್ನು ಎತ್ತಲು ಇಬ್ಬರು ಬೇಕಾಯಿತು.

“ಚಾಲೂ ಆಗ್ತದೇನ್ರೀ?” ಮೆಲ್ಲಗೆ ಕೇಳಿದೆ.

“ಯಾಕ ಆಗಂಗಿಲ್ಲ ಬೇಟಿ? ಒಳ್ಳೆ ಆಫೀಸಿಂದು.”

“ನೀವು ಹಚ್ಚಿ ನೋಡೀರೇನ್ರೀ?”

ಚಾಚಾ ಅದರ ತಲೆಯ ಮೇಲಿನ ಧೂಳು ಒರೆಸಿದರು. “ಹಂಗೇನರ ಚಾಲೂ ಆದ್ರ, ನನಗೂ ಒಂದು ಫೋನ್ ಮಾಡು ಬೇಟಿ. ಖುಷಿ ಆಗ್ತದ.”

ಅಕ್ಷತೆ

ಮಹಾಂತೇಶ ನಗರದ ನಮ್ಮ ಮನೆಯಲ್ಲಿ ಪ್ಲಗ್ ಹಾಕಿದೆ. ಫ್ಯಾನು ತಿರುಗಿತು, ಪರದೆ ಕಪ್ಪಗೇ ಉಳಿಯಿತು. ಮುಚ್ಚಳ ಬಿಚ್ಚಿದೆ. ಆ ಆಫೀಸಿನವರು ಭಕ್ತರು. ವರ್ಷವರ್ಷದ ಆಯುಧಪೂಜೆಯ ವಿಭೂತಿ, ಕುಂಕುಮ, ಅಕ್ಷತೆ ಎಲ್ಲ ಗಾಳಿಕಿಂಡಿಯಿಂದ ಇಳಿದು ಒಳಗೆ ಗುಡ್ಡೆಯಾಗಿತ್ತು. ಬ್ರಶ್ ಹಿಡಿದೆ. ಅವ್ವ ಕೈ ಹಿಡಿದಳು.

“ಇವತ್ತ ಸೋಮವಾರ. ವಿಭೂತಿ ಒರಸಬ್ಯಾಡ.”

ಮಂಗಳವಾರ ಆಗಬಹುದೇ ಎಂದರೆ, “ಮಂಗಳವಾರ ಕುಂಕುಮ ಅಳಸ್ತಾರೇನ?”

ಬುಧವಾರ ಎಲ್ಲ ಗುಡಿಸಿ ತುಳಸಿ ಗಿಡಕ್ಕೆ ಹಾಕಿದೆವು. ಮೆಮೊರಿ ಪಟ್ಟಿಯನ್ನು ಕಿತ್ತು, ಪೆನ್ಸಿಲ್ ರಬ್ಬರಿನಿಂದ ಅದರ ಅಂಚು ತಿಕ್ಕಿದೆ. ಆ ಪಟ್ಟಿ ಕೂರುವ ಸಂದಿಯಲ್ಲೇ ಒಂದು ಅಕ್ಕಿಕಾಳು ಸಿಕ್ಕಿಕೊಂಡಿತ್ತು. ಅದನ್ನು ತೆಗೆದು ಪಟ್ಟಿ ಕೂರಿಸಿದ್ದೇ ಕಂಪ್ಯೂಟರ್ ‘ಪೀಂ’ ಅಂದಿತು.

ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. “ಅಕ್ಷತಿ ಬಿದ್ದಮ್ಯಾಲೆ ಬಾಯಿ ಬಂದ್ ಆಗಿದ್ದು ಇದೊಂದ ಅಲ್ಲ ತಗೋ.”

ಅಂದು ಅವರ ಚಹಾಕ್ಕೆ ಸಕ್ಕರೆ ಬೀಳಲಿಲ್ಲ.

ಇಂಗ್ಲಿಷ್ ಮೀಡಿಯಂ

ಫ್ಲಾಪಿ ಕರಕರ ಅಂದು ತೆರೆಯಿತು. ಪರದೆಯ ತುಂಬ ಇಂಗ್ಲಿಷ್ ಅಕ್ಷರ, ನಡುನಡುವೆ ಚುಕ್ಕಿ, ಬಾಣ, ಡಾಲರ್ ಚಿಹ್ನೆ. ಆಗಿನ ಕನ್ನಡ ಫಾಂಟ್ ಈ ಯಂತ್ರದಲ್ಲಿ ಇರಲಿಲ್ಲ.

ದೊಡ್ಡವ್ವ ಕನ್ನಡಕ ಏರಿಸಿದಳು. “ನಾ ಕನ್ನಡದಾಗ ಹೇಳಿದ್ನಲ್ಲಾ! ಇರ್ಲಿ, ಓದವಾ.”

“ಇದು ಇಂಗ್ಲಿಷ್ ಅಲ್ಲ ದೊಡ್ಡವ್ವ. ಓದಾಕ ಬರಂಗಿಲ್ಲ.”

ಅವಳು ಅವ್ವನ ಕಡೆ ತಿರುಗಿದಳು. “ಹದಿನೈದು ವರ್ಷ ಫೀ ತುಂಬಿದಿ. ಏನ್ ಕಲಿಸ್ಯಾರ ಇಕಿಗೆ?”

ನಮ್ಮನಿಯವರು

ಫಾಂಟ್ ಹುಡುಕಿಕೊಂಡು ಖಾನಾಪುರಕ್ಕೆ ಹೋದೆ. ಒಡಪು ಟೈಪ್ ಮಾಡಿಕೊಟ್ಟವರು ಈಗ ಝೆರಾಕ್ಸ್ ಅಂಗಡಿ ಇಟ್ಟಿದ್ದಾರೆ. ಹಳೆಯ ಸಿಡಿ ಹುಡುಕಿ ಕೊಟ್ಟರು. ಅದನ್ನು ತಂದು ಹಾಕಿದ್ದೇ ಮೂವತ್ತೂ ಒಡಪು ಕನ್ನಡಕ್ಕೆ ತಿರುಗಿ ನಿಂತವು. ಮೊದಲನೆಯದನ್ನು ನಾನೇ ಗಟ್ಟಿಯಾಗಿ ಓದಿದೆ:

“ಹಿತ್ತಲದಾಗ ಅರಳೈತಿ ಹಳದಿ ಶಾವಂತಿಗಿ, ನಮ್ಮನಿಯವರ ಬಾಜು ಕುಂತರ ಬರತೈತಿ ನಾಚಿಗಿ.”

ಎರಡನೆಯದರಲ್ಲೂ ‘ನಮ್ಮನಿಯವರು’. ಮೂರನೆಯದರಲ್ಲೂ ಅವರೇ. ಮೂವತ್ತರಲ್ಲೂ ಗಂಡನ ಹೆಸರಿಲ್ಲ!

“ಮತ್ತ?” ಅಂದಳು ದೊಡ್ಡವ್ವ. “ಆ ಗಂಡಸರಾಗ ಅರ್ಧಾ ಮಂದಿ ನನಗ ಮಾವ, ಭಾವ ಆಗಬೇಕು. ಅವರ ಹೆಸರು ನಾ ಬಾಯಿಲೆ ಹ್ಯಾಂಗ ಹೇಳ್ಲಿ?”

ಅಪ್ಪ ಇಣುಕಿದರು. “ಅಂದ್ರ ಮೂವತ್ತು ಹೆಂಗಸರಿಗೂ ಒಬ್ಬನ ಗಂಡ ಆದ. ಬೀಗರ ಮುಂದ ಇದನ್ನ ಓದಬ್ಯಾಡ್ರಿ.”

ಮನೆಮನೆ

ಹೆಸರಿಲ್ಲದ ಒಡಪು ಒಡಪೇ ಅಲ್ಲ. ದೊಡ್ಡಪ್ಪನಿಗೆ ಫೋನ್ ಮಾಡಿದೆ. ಓಣಿಯ ಗಂಡಸರದು ಅವರಿಗೆ ಗೊತ್ತಿದ್ದದ್ದು ಬರೀ ಅಡ್ಡಹೆಸರು: ಡೊಣ್ಣಿ, ಮೀಸಿ, ಕುಳ್ಳ. ಕೊನೆಗೆ ಪ್ರಿಂಟ್ ತೆಗೆದ ಹಾಳೆಗಳು, ಪೆನ್ನು ಹಿಡಿದು ದೊಡ್ಡವ್ವನ ಜತೆ ಬೀಡಿಗೆ ನಾನೇ ಹೋದೆ. ಅವಳು ಪಡಸಾಲೆಯಲ್ಲಿ ಕುಳಿತು ನನ್ನನ್ನು ಓಣಿಗೆ ಅಟ್ಟಿದಳು.

ಮೊದಲ ಮನೆಯ ಆಯಿ ಕಟ್ಟೆಯ ಮೇಲೆ ಸೊಪ್ಪು ಸೋಸುತ್ತಿದ್ದರು. ಗಂಟಲು ಸರಿಮಾಡಿಕೊಂಡೆ. “ಆಯಿ, ನಿಮ್ಮ ಯಜಮಾನರ ಹೆಸರೇನ್ರೀ?”

ಆಯಿ ಸೊಪ್ಪು ಕೆಳಗಿಟ್ಟು, ತಲೆಯ ಮೇಲೆ ಸೆರಗು ಎಳೆದುಕೊಂಡು, ನೆಲ ನೋಡುತ್ತ ಒಂದೇ ಉಸಿರಿಗೆ ಹೇಳಿದರು:

“ಹಿತ್ತಲದಾಗ ಅರಳೈತಿ ಹಳದಿ ಶಾವಂತಿಗಿ, ಶಂಕರಪ್ಪನವರ ಬಾಜು ಕುಂತರ ಬರತೈತಿ ನಾಚಿಗಿ.”

ಹಾಳೆ ನೋಡಿದೆ. ಹೆಸರೊಂದು ಬಿಟ್ಟರೆ ಅಕ್ಷರಕ್ಕೆ ಅಕ್ಷರ ಅದೇ. ಬಾಜು ಮನೆಯಲ್ಲೂ ಹಾಗೇ, ಅದರಾಚೆಯ ಮನೆಯಲ್ಲೂ ಹಾಗೇ. ಗಂಡನ ಹೆಸರು ಕೇಳಿದರೆ ಸೆರಗು ಏರುತ್ತಿತ್ತು, ಇಡೀ ಒಡಪು ಇಳಿಯುತ್ತಿತ್ತು. ಸಂಜೆಗೆ ಮೂವತ್ತೂ ಕೂಡಿದವು.

ತಿರುಗಿ ಬರುವಾಗ ಮೊದಲ ಮನೆಯ ಆಯಿಯನ್ನು ಕೇಳಿಯೇಬಿಟ್ಟೆ. “ದೊಡ್ಡವ್ವ ಕೇಳಿದಾಗ ಮರತೇವಿ ಅಂದಿದ್ರಂತಲ್ರೀ?”

“ಆಕಿ ಒಡಪು ಹೇಳ್ರಿ ಅಂದ್ಲು. ಅದು ಖರೇನ ಮರತೈತಿ ತಂಗಿ,” ಅಂದರು ಆಯಿ. “ನೀ ಗಂಡನ ಹೆಸರು ಕೇಳಿದಿ. ಅದನ್ನ ಹ್ಯಾಂಗ ಮರೀಲಿ?”