ಷಡ್ಡಕನ ರ‍್ಯಾಮು, ನನ್ನ ಹೊಟ್ಟೆಯುರಿ

ಇನ್ನು ಮೇಲೆ ಯಾರ ಮೇಲೂ ಹೊಟ್ಟೆಕಿಚ್ಚು ಪಡಬಾರದು ಅಂತ ನಿರ್ಧಾರ ಮಾಡಿಯೇ ನಾನು ಮಧುಗಿರಿಯಲ್ಲಿ ಶಿರಾ ಬಸ್ಸು ಹತ್ತುವುದು. ಇಳಿದು ಷಡ್ಡಕನ ಮನೆ ಹೊಸಿಲು ದಾಟುವಷ್ಟರಲ್ಲಿ ಏನಾದರೊಂದು ಆಗಿಯೇ ಆಗುತ್ತದೆ.

ಒತ್ತಿದ ತಕ್ಷಣ

ಷಡ್ಡಕ ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಡಿಗ್ರಿ ಓದಿದವನು. ನಾನು ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದು, ಲಾರಿ, ಶಾಮಿಯಾನ ಅಂತ ಊರೂರು ಅಲೆದು ಕ್ಯಾಮೆರಾ ಹಿಡಿದವನು. ಈಗ ಇಬ್ಬರದೂ ಒಂದೇ ಕಸುಬು, ಮದುವೆ ವಿಡಿಯೋ. ವ್ಯತ್ಯಾಸ ಇರುವುದು ರ‍್ಯಾಮಿನಲ್ಲಿ, ಅಂದರೆ ಕಂಪ್ಯೂಟರು ಓಡಿಸುವ ಮೆಮೊರಿಯಲ್ಲಿ. ಅವನ ಕಂಪ್ಯೂಟರಿಗೆ ಮೂವತ್ತೆರಡು ಜಿಬಿ, ನನ್ನದಕ್ಕೆ ಎಂಟು.

"ನೋಡ್ರೀ, ಭಾವಂದು ಒತ್ತಿದ ತಕ್ಷಣ ಓಡ್ತದೆ" ಅಂದಳು ನನ್ನವಳು.

"ನಮ್ದೂ ಓಡ್ತದಲ್ಲೇ."

"ಓಡ್ತದೆ. ಅಷ್ಟೊತ್ತಿಗೆ ಮದ್ವೆ ಹೆಣ್ಣು ಬಾಣಂತನಕ್ಕೆ ತವರಿಗೆ ಬಂದಿರ್ತಾಳೆ ಬುಡ್ರಿ."

ಗಿಡ್ಡ

ಅಷ್ಟರಲ್ಲಿ ಕೊನೆಯ ನಾದಿನಿಯ ಮದುವೆ ಗೊತ್ತಾಯಿತು. ಪಾವಗಡದಿಂದ ಮಾವ ಫೋನು ಮಾಡಿ, "ಇಬ್ಬರ ಮನೇಗೂ ಬಂದು ನೋಡ್ತೀನಿ. ಯಾರ್ದು ಚೆನ್ನಾಗೈತೋ ಅವರಿಗೇ ಮದ್ವೆ ವಿಡಿಯೋ" ಅಂದುಬಿಟ್ಟರು. ಈ ಮದುವೆಯೂ ಷಡ್ಡಕನ ಪಾಲಾದರೆ ನಾನು ನೆಂಟರಿಷ್ಟರಲ್ಲಿ ತಲೆ ಎತ್ತುವ ಹಾಗಿಲ್ಲ.

ಸಸ್ತಾ ರ‍್ಯಾಮ್ ಹುಡುಕಿಕೊಂಡು ಕೊರಟಗೆರೆಗೆ ಹೋದೆ. ಗಂಟೆಗಟ್ಟಲೆ ಚೌಕಾಸಿ ಮಾಡಿ ಅರ್ಧ ರೇಟಿಗೆ ಹದಿನಾರು ಜಿಬಿ ತಂದೆ. ಮನೆಯಲ್ಲಿ ಕಂಪ್ಯೂಟರಿನ ಡಬ್ಬಿ ಬಿಚ್ಚಿದರೆ ರ‍್ಯಾಮ್ ಕೂರುವ ಜಾಗ ಉದ್ದ, ನಾನು ತಂದದ್ದು ಅದರರ್ಧ.

"ಇದು ಗಿಡ್ಡ ಐತಲ್ಲಪ್ಪ" ಅಂತ ಅಂಗಡಿಗೆ ಫೋನು ಮಾಡಿದೆ.

"ಅದು ಲ್ಯಾಪ್‌ಟಾಪಿಂದು ಅಣ್ಣ."

"ಮೊದ್ಲೇ ಹೇಳಬಾರ್ದಾ?"

"ನೀವು ರೇಟ್ ಬಿಟ್ಟು ಬೇರೇನೂ ಕೇಳಲೇ ಇಲ್ವಲ್ಲ."

ಬೆಳಕು

ಅದನ್ನು ವಾಪಸ್ ಕೊಟ್ಟು ಶಿರಾದ ಸೆಕೆಂಡ್‌ಹ್ಯಾಂಡ್ ಅಂಗಡಿಗೆ ಹೋದೆ. ಅಲ್ಲಿ ಎರಡು ರ‍್ಯಾಮ್ ಪಟ್ಟಿ ಕಂಡವು. ಕೆಂಪು, ನೀಲಿ, ಹಸಿರು ಅಂತ ಒಂದಾದ ಮೇಲೊಂದು ಮಿನುಗುತ್ತವೆ. ಷಡ್ಡಕನವು ಬರೀ ಕಪ್ಪು ಪಟ್ಟಿ. ನನಗೆ ಇನ್ನೇನು ಬೇಕು? ಈ ಸಲ ಹುಷಾರಾಗಿ ಉದ್ದ ಕೇಳಿದೆ. "ಬರಾಬರ್ ಸೈಜು ಭಾಯ್" ಅಂದ ಅಂಗಡಿಯವ.

ನಿಜವಾಗಿಯೂ ಬರಾಬರ್ ಕೂತವು. ಎಲ್ಲರಿಗೂ ಕಾಣಲಿ ಅಂತ ಡಬ್ಬಿಯ ಪಕ್ಕದ ತಗಡನ್ನೇ ತೆಗೆದಿಟ್ಟೆ. ಆದರೆ ವಿಡಿಯೋ ಮಾತ್ರ ಎಂದಿನಂತೆ ತಾಳಿ ಕಟ್ಟುವ ಜಾಗದಲ್ಲೇ ನಿಂತಿತು. ಮತ್ತೆ ಫೋನು.

"ಅದ್ರಲ್ಲಿ ಮೆಮೊರಿ ಇರಲ್ಲ ಭಾಯ್, ಲೈಟ್ ಮಾತ್ರ. ಖಾಲಿ ಜಾಗ ಕಾಣಬಾರ್ದು ಅಂತ ಶೋಕಿಗೆ ಹಾಕೋದು. ಅದಕ್ಕೇ ಸಸ್ತಾ."

ನನ್ನವಳು ಸಮಾಧಾನ ಮಾಡಿದಳು: "ಹೋಗ್ಲಿ ಬುಡ್ರಿ, ಆ ಮೂಲೇಲಿ ಕಸ ಗುಡ್ಸೋಕೆ ಬೆಳಕಾಯ್ತು."

ಮಾವನ ತೀರ್ಪು

ಆ ವಾರವೇ ಷಡ್ಡಕ ನಮ್ಮ ಮನೆಗೆ ಬಂದ. ಡಬ್ಬಿ ನೋಡಿದವನು ಕಾಫಿ ಲೋಟ ಕೈಯಲ್ಲೇ ಹಿಡಿದು ನಿಂತುಬಿಟ್ಟ. ಅವನ ಮುಖದಲ್ಲಿದ್ದದ್ದು ಏನು ಅಂತ ನನಗೆ ಯಾರೂ ಹೇಳಬೇಕಿರಲಿಲ್ಲ. ನನ್ನ ಮುಖದಲ್ಲಿ ಅದು ಎಷ್ಟೋ ವರ್ಷದಿಂದ ಇದೆ.

"ಲೇ, ಇವೆಲ್ಡು ನಂಗೆ ಕೊಡು. ನನ್ನವು ನಾಕರಾಗೆ ಎಲ್ಡು ನೀನು ಇಟ್ಕೊ."

"ಅಣ್ಣ, ಇದ್ರಾಗೆ ಮೆಮೊರಿ ಇಲ್ಲ, ಬರೀ ಲೈಟು" ಅಂತ ಇದ್ದದ್ದನ್ನು ಹೇಳಿದೆ.

"ಗೊತ್ತು ಕೊಡ್ಲಾ."

ಓದಿದವರಿಗೆ ಬುದ್ಧಿ ಇಷ್ಟೇ ಅಂದುಕೊಂಡು ಬದಲಾಯಿಸಿಕೊಂಡೆ. ಅವನ ರ‍್ಯಾಮು ಹಾಕಿದ್ದೇ ತಡ, ನನ್ನ ಕಂಪ್ಯೂಟರು ಹಗ್ಗ ಬಿಚ್ಚಿದ ಕರುವಿನಂತೆ ಓಡಿತು.

ಮಾವ ಮೊದಲು ಶಿರಾಕ್ಕೆ ಹೋಗಿ, ಆಮೇಲೆ ನಮ್ಮಲ್ಲಿಗೆ ಬಂದರು. ನಾನು ಗುಂಡಿ ಒತ್ತಿದೆ. ತಾಳಿ, ಧಾರೆ, ಅಕ್ಷತೆ, ಒಂದು ಕಡೆಯೂ ನಿಲ್ಲದೆ ವಿಡಿಯೋ ಹರಿಯಿತು. ಮಾವ ಪರದೆ ಕಡೆ ತಿರುಗಿಯೂ ನೋಡಲಿಲ್ಲ. ಬಗ್ಗಿ ಡಬ್ಬಿಯೊಳಗೆ ಇಣುಕಿದರು. ಎದ್ದು ನನ್ನ ಬೆನ್ನು ಸವರಿದರು.

"ಬೇಜಾರು ಮಾಡ್ಕೋಬ್ಯಾಡ ಅಳಿಯಾ, ವಿಡಿಯೋ ದೊಡ್ಡೋನೇ ಮಾಡ್ಲಿ. ಅವನ್ದು ಒಳಗೆಲ್ಲ ಜಗಜಗ ಅಂತೈತೆ. ಏಮಪ್ಪಾ, ನಿಂದಕ್ಕೆ ಇನ್ನೂ ಕರೆಂಟೇ ಬಂದಿಲ್ವಲ್ಲ."