ಹಸಿರು ಡಬ್ಬಿ ಮತ್ತು ಮಾವನ ಮರ

ಮಾವ ತೀರಿಕೊಂಡು ಎಂಟು ವರ್ಷವಾದರೂ ಬೋರ್ಡಣ್ಣನಿಗೆ ಮಾವನ ಭಯ ಬಿಟ್ಟಿರಲಿಲ್ಲ. ಅಂಗಡಿಗಳಿಗೆ ಬೋರ್ಡು ಬರೆಯುವ ಈ ಅಳಿಯನ ಅಂಗಳದಲ್ಲಿ, ಮದುವೆಯ ಮಾರನೇ ದಿನವೇ ಆ ಪುಣ್ಯಾತ್ಮ ಒಂದು ಪೈನ್ ಸಸಿ ನೆಟ್ಟು, "ನನ್ನ ಮಗಳು ಬಾಯಿಬಿಟ್ಟು ಏನೂ ಹೇಳೋಳಲ್ಲ. ಇದು ಹಸಿರಾಗಿದ್ರೆ ಅವಳು ಸುಖವಾಗಿದ್ದಾಳೆ ಅಂದ್ಕೋತೀನಿ" ಎಂದು ಘೋಷಿಸಿದ್ದರು. ಇಪ್ಪತ್ತೆರಡು ವರ್ಷ ಮರ ಹಸಿರಾಗೇ ಇತ್ತು. ತಾನು ಆದರ್ಶ ಪತಿಯೆಂಬುದಕ್ಕೆ ಬೋರ್ಡಣ್ಣನ ಬಳಿ ಇದ್ದ ದಾಖಲೆ ಅದೊಂದೇ (ಹೆಂಡತಿಯನ್ನೇ ಕೇಳುವ ಧೈರ್ಯ ಎಂದೂ ಬಂದಿರಲಿಲ್ಲ).

ಹೆಂಡತಿ ಹದಿನೈದು ದಿನಕ್ಕೆಂದು ಅಕ್ಕನ ಮನೆಗೆ ಹೋದಳು. ನಾಲ್ಕನೇ ದಿನ ಹಲ್ಲುಜ್ಜುತ್ತ ಮರದಡಿ ನಿಂತವನು ತಲೆಯೆತ್ತಿ ನೋಡಿದ. ಒಳಗಿನ ಸೂಜಿಯೆಲೆಗಳೆಲ್ಲ ಕಂದು! ನೆಲದ ಮೇಲೂ ರಾಶಿ! ಉಪ್ಪು ಹೆಚ್ಚಾಯಿತೆಂದು ತಟ್ಟೆ ತಳ್ಳಿದ್ದು, ಅವಳನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ಯಲು ಮರೆತದ್ದು, ಎಲ್ಲ ಒಂದೊಂದೇ ನೆನಪಾಗಿ ಅವನಿಗೆ ನಿಜಕ್ಕೂ ನಾಚಿಕೆಯಾಯಿತು.

ಎರಡು ದಿನ ಕೊಡಗಟ್ಟಲೆ ನೀರು ಹೊಯ್ದ. ಕಂದು ಕಂದೇ. ಕೊನೆಗೆ ತನಗೆ ಗೊತ್ತಿದ್ದ ಏಕೈಕ ವಿದ್ಯೆಗೆ ಶರಣಾದ. ಏಣಿ, ಹಸಿರು ಪೇಂಟಿನ ಡಬ್ಬಿ, ಅಕ್ಷರ ಬರೆಯುವ ಸಣ್ಣ ಕುಂಚ. ಕೊಂಬೆ ಕೊಂಬೆಗೂ ಆರು ದಿನ ಬಳಿದ.

ಹೆಂಡತಿ ಬಂದವಳು ಚೀಲ ಕೆಳಗಿಡದೆ ಮರ ನೋಡಿದಳು.

"ಏನ್ರೀ ಇದು? ಪೇಂಟ್ ವಾಸನೆ ಬೀದಿ ತುದಿಗೇ ಬರ್ತಿದೆ!"

"ಮರ ಕಂದಾಗಿತ್ತು ಕಣೇ. ನೀನು ಸುಖವಾಗಿಲ್ಲ ಅಂತ ಗೊತ್ತಾಗೋಯ್ತು."

"ಅಯ್ಯೋ ನಿಮ್ಮ! ಒಳಗಿನ ಹಳೇ ಎಲೆ ವರ್ಷಾ ವರ್ಷಾ ಹೀಗೇ ಕಂದಾಗಿ ಉದುರುತ್ತೆ. ತುದೀಲಿ ಹೊಸದು ಹಸಿರಾಗಿದ್ರೆ ಮರ ಗಟ್ಟಿಯಾಗಿದೆ ಅಂತ."

"ಮತ್ತೆ ನಾನ್ಯಾವತ್ತೂ ನೋಡೇ ಇಲ್ವಲ್ಲ?"

"ನೀವು ಏಳೋದು ಎಂಟಕ್ಕೆ. ನಾನು ಕೊಂಬೆ ಅಲ್ಲಾಡಿಸಿ, ಉದುರಿಸಿ, ಗುಡಿಸೋದು ಆರಕ್ಕೆ. ಅಪ್ಪ ಬಂದಾಗ ನೋಡಿ ನೊಂದ್ಕೋಬಾರ್ದು ಅಂತ ಶುರು ಮಾಡಿದ್ದು. ಆಮೇಲೆ ಅದೇ ಅಭ್ಯಾಸವಾಯ್ತು."

ಬೋರ್ಡಣ್ಣ ಉಗುರಿಗಂಟಿದ ಹಸಿರು ಪೇಂಟು ಕೆರೆದುಕೊಂಡ. ಮೆಲ್ಲಗೆ ಕೇಳಿದ: "ಹಾಗಾದ್ರೆ... ನೀನು ಸುಖವಾಗಿದ್ದೀಯಾ?"

ಅವಳು ಪೊರಕೆ ತಂದು ಅವನ ಕೈಗಿಟ್ಟಳು. "ನಾಳೆಯಿಂದ ಆರಕ್ಕೆ ಏಳಿ. ಆಮೇಲೆ ಹೇಳ್ತೀನಿ."

ಬಳಿದ ಎಲೆಗಳೆಲ್ಲ ತಿಂಗಳಿಡೀ ಉದುರಿದವು, ಹಚ್ಚಹಸಿರಾಗಿ. ಒಂದು ಬೆಳಿಗ್ಗೆ ದಾರಿಯಲ್ಲಿ ಹೋಗುತ್ತಿದ್ದ ತೋಟದ ಮಾಲಿ ಗಾಬರಿಯಿಂದ ನಿಂತ. "ಹಸಿರೆಲೇನೇ ಉದುರ್ತಿದ್ಯಲ್ಲಮ್ಮ! ಏನ್ ರೋಗ?"

ಬಾಗಿಲಲ್ಲಿ ಕೂತು ಬಿಸಿ ಬಿಸಿ ಚಹಾ ಕುಡಿಯುತ್ತಿದ್ದ ಹೆಂಡತಿ ಹೇಳಿದಳು: "ಮರಕ್ಕೇನೂ ಇಲ್ಲಪ್ಪ, ಗಟ್ಟಿಯಾಗಿದೆ. ರೋಗ ಇದ್ದಿದ್ದು ಅಲ್ಲಿ ಗುಡಿಸ್ತಿದ್ದಾರಲ್ಲ, ಅವರಿಗೆ. ಈಗೀಗ ವಾಸಿಯಾಗ್ತಿದೆ."