ಬದನೆಕಾಯಿ ಭರ್ತವೂ ಬಸ್ಸಿನ ಬ್ರೇಕೂ

ಬ್ರೇಕ್ ಹಾಕಿದರೆ ಏನಾಗುತ್ತದೆ ಅಂತ ನನಗೆ ಯಾರೂ ಕಲಿಸಬೇಕಾಗಿಲ್ಲ. ನಾನು ಕಲಿತದ್ದು ಮೂರನೇ ಇಯತ್ತೆ, ಅದೂ ಪೂರ್ತಿ ಅಲ್ಲ. ಆದರೆ ಪುಣೆಯ ಬಸ್ಸುಗಳಲ್ಲಿ ನಿಂತು ನಿಂತೇ ಮುದುಕಿಯಾದವಳು ನಾನು!

ನಮ್ಮ ಮನೆದೇವರು ಜೇಜುರಿಯ ಖಂಡೋಬಾ. ಆಷಾಢದಲ್ಲಿ ಬದನೆಕಾಯಿ ಬಿಟ್ಟರೆ ಮತ್ತೆ ಮುಟ್ಟುವುದು ಮಾರ್ಗಶಿರದ ಚಂಪಾಷಷ್ಠಿಗೆ, ಅದೂ ದೇವರಿಗೆ ಸುಟ್ಟು ಹಿಸುಕಿದ ಬದನೆಕಾಯಿ ಭರ್ತ ಎಡೆ ಮಾಡಿದ ಮೇಲೆ. ಅಲ್ಲಿಯತನಕ ಮನೆಯಲ್ಲಿ ಯಾರೂ ತಿನ್ನುವಂತಿಲ್ಲ. ಇದರಿಂದ ಭಾಳ ಸೊರಗುವವರು ನಮ್ಮ ಯಜಮಾನರು. ನಾನು ಹೇಳುವ ಆ ವರ್ಷವಂತೂ ಕಾಯಿಪಲ್ಲೆ ಮಂಡಿಯಲ್ಲಿ ಬದನೆಕಾಯಿ ರಾಶಿ ಕಂಡರೆ, ಊರಿಂದ ಬಂದ ನೆಂಟರನ್ನು ನೋಡಿದಂತೆ ನಿಂತುಬಿಡುತ್ತಿದ್ದರು.

ಷಷ್ಠಿಯ ದಿನ ಬೆಳಿಗ್ಗೆ ನಾನು ಬದನೆಕಾಯಿ ಸುಡುತ್ತಿದ್ದೆ. ಮೊಮ್ಮಗಳು ಶಾಂತಾ ಪರೀಕ್ಷೆಗೆಂದು ಗಟ್ಟಿಯಾಗಿ ಓದುತ್ತಿದ್ದಳು. ಋಣಾತ್ಮಕ ವೇಗೋತ್ಕರ್ಷವಂತೆ!

"ಏನs ಅದು?"

"ಬಸ್ಸು ಮುಂದ ಹೊಂಟಿರ್ತದ ನೋಡಜ್ಜಿ, ಬ್ರೇಕ್ ಹಾಕ್ತಾರ. ವೇಗ ಕಡಿಮಿ ಆಗ್ತದ. ಅಂದ್ರ ವೇಗೋತ್ಕರ್ಷ ಹಿಂದಕ್ಕಿರ್ತದ. ಅದಕ್ಕs ಮೈನಸ್."

"ಅಂದ್ರ ಬ್ರೇಕ್ ಹಿಂದಕ್ಕ ಜಗ್ಗತದ. ತಿಳೀತು ಬಿಡು."

"ಇನ್ನೂ ಪೂರ್ತಿ ಹೇಳಿಲ್ಲ ನಾ!"

"ಪೂರ್ತಿ ಕೇಳ್ಕೋತ ಕುಂತ್ರ ಬದನಿಕಾಯಿ ನಿಮ್ಮ ಮಾಸ್ತರ ಸುಡ್ತಾನೇನು?"

ಹೀಗೆ ನನ್ನ ವಿಜ್ಞಾನದ ಅಭ್ಯಾಸ ಮುಗಿಯಿತು.

ಜೇಜುರಿಗೆ ಹೊರಟ ಬಸ್ಸಿನಲ್ಲಿ ಸೀಟಿನ ಕೆಳಗೆ ಜಾಗವಿಲ್ಲ. ಭರ್ತ ತುಂಬಿದ ಬೋಗುಣಿಯನ್ನು ಸೀಟಿನ ಪಕ್ಕ, ನಡುವಿನ ದಾರಿಯಲ್ಲಿ ಇಟ್ಟೆ. ಬ್ರೇಕ್ ಹಿಂದಕ್ಕೆ ಜಗ್ಗುತ್ತದಲ್ಲ? ಹಾಗಾಗಿ ಬೋಗುಣಿಯ ಹಿಂದೆ ರೊಟ್ಟಿ ಗಂಟನ್ನು ಆನಿಸಿಟ್ಟೆ. ಮುಂದೆ ಖುಲ್ಲಾ ಬಿಟ್ಟೆ.

"ಲೇ, ಮುಂದನೂ ಏನರ ಇಡs," ಎಂದರು ಹಿಂದಿನ ಸೀಟಿನಿಂದ ಯಜಮಾನರು.

"ನಿಮಗ ಮೈನಸ್ ತಿಳಿಯಂಗಿಲ್ಲ. ಸುಮ್ಮ ಕೂಡ್ರಿ."

ದಾರಿಯಲ್ಲಿ ಸಾಸವಡ ಇನ್ನೂ ಬಂದಿರಲಿಲ್ಲ, ಒಂದು ಎಮ್ಮೆ ಬಂತು. ಡ್ರೈವರ್ ಬ್ರೇಕ್ ಒತ್ತಿದ. ನಮ್ಮ ಬೋಗುಣಿ ಯಾರ ಅಪ್ಪಣೆಯನ್ನೂ ಕೇಳದೆ ಮುಂದಕ್ಕೆ ಹೊರಟಿತು! ಕಂಡಕ್ಟರನ ಕಾಲಿಗೆ ಬಡಿದು, ಮುಚ್ಚಳ ತೆಗೆದು, ಅವನ ಬೂಟಿಗೆ ಭರ್ತ ಬಡಿಸಿತು.

"ಆಜಿ! ಹೇ ಕಾಯ್ ಆಹೆ?"

"ದೇವಾಚಾ ನೈವೇದ್ಯ!"

"ಮಗ್ ಮಾಝ್ಯಾ ಪಾಯಾವರ್ ಕಾ?"

ಇದೇನು, ದೇವರ ನೈವೇದ್ಯವಾದರೆ ತನ್ನ ಕಾಲಿಗೆ ಯಾಕೆ ಅಂತ ಅವನ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಉತ್ತರ ಶಾಂತಾಳ ಹತ್ತಿರ ಇತ್ತು.

"ಬ್ರೇಕ್ ಬಸ್ಸಿಗೆ ಹಾಕ್ಯಾರಜ್ಜಿ, ಬೋಗುಣಿಗೆ ಅಲ್ಲ. ಬಸ್ಸು ತಡೀತು, ಅದು ತನ್ನ ವೇಗದಾಗ ಹೋತು."

"ಇದನ್ನ ಮನ್ಯಾಗs ಹೇಳಬೇಕಿತ್ತು!"

"ನೀ ಕೇಳಿದ್ಯಾ?"

ಸರಿ, ರೊಟ್ಟಿ ಗಂಟನ್ನು ಬೋಗುಣಿಯ ಮುಂದಕ್ಕೆ ತಂದೆ. ಈಗ ಬರಲಿ ಎಮ್ಮೆ! ಸಾಸವಡದಲ್ಲಿ ಬಸ್ಸು ನಿಂತಿತು. ಜನ ಹತ್ತಿದರು, ಇಳಿದರು. ಕಂಡಕ್ಟರ್ ಗಂಟೆ ಬಾರಿಸಿದ. ಡ್ರೈವರ್ ಗಕ್ಕನೆ ಬಸ್ಸು ಬಿಟ್ಟ. ಬೋಗುಣಿ ಈಗ ಹಿಂದಕ್ಕೆ ಜಾರಿ, ಕೊನೆಯ ಸೀಟಿನವರ ಚೀಲಗಳ ಮೇಲೆ ಅರ್ಧ ಭರ್ತ ಚೆಲ್ಲಿತು. ಅಲ್ಲೊಬ್ಬ ಬೆರಳು ನೆಕ್ಕಿ, "ಮಸ್ತ್ ಆಹೆ!" ಎಂದ.

ದೇವರಿಗಿಂತ ಮೊದಲು ತಿಂದವನನ್ನು ಕನ್ನಡ, ಮರಾಠಿ ಎರಡೂ ಭಾಷೆಯಲ್ಲಿ ಬೈದೆ.

ಹಿಂದಿನಿಂದ ಯಜಮಾನರ ದನಿ ಕೇಳಿತು. ಅಳುವವರ ದನಿ. "ಎಷ್ಟು ಉಳದದ?"

"ದೇವರಿಗೂ ನಿಮಗೂ ಸಾಕಾಗ್ತದ."

ಉಳಿದದ್ದನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಬ್ರೇಕ್ ಹಾಕಿದರೆ ಮುಂದಕ್ಕೆ ಹೋಗುತ್ತೇವೆ, ಇದು ಈಗ ಪಕ್ಕಾ. ಜೇಜುರಿ ಬಂತು. ಮುಂದಿನ ಸೀಟಿಗೆ ಎರಡೂ ಕಾಲು ಒತ್ತಿ, ಹಿಂದಕ್ಕೆ ವಾಲಿ ತಯಾರಾದೆ. ಬಸ್ಸು ಸ್ಟ್ಯಾಂಡಿನೊಳಗೆ ಹೋಗಿ ಹಿಮ್ಮುಖವಾಗಿ ಹೊರಟಿತು. ಕಂಡಕ್ಟರ್ ಕೆಳಗೆ ನಿಂತು ಸೀಟಿ ಊದುತ್ತಿದ್ದ. ಬ್ರೇಕ್!

ನಾನು ಹಿಂದಕ್ಕೆ ಹೋದೆ. ಮೊದಲೇ ವಾಲಿದವಳು, ಇನ್ನೂ ವಾಲಿದೆ. ಬೋಗುಣಿ ನನ್ನ ತಲೆ ದಾಟಿ ಯಜಮಾನರ ಮೋರೆಗೆ ಹೋಗಿ ಮುಟ್ಟಿತು!

ಆ ಮನುಷ್ಯನ ಸಂಕಟ ನೋಡಬೇಕಿತ್ತು. ಇಷ್ಟು ತಿಂಗಳು ಕನಸಿನಲ್ಲಿ ಕಂಡ ಬದನೆಕಾಯಿ ಮೀಸೆಯ ಮೇಲೇ ಕೂತಿದೆ, ಎಡೆ ಆಗುವತನಕ ನಾಲಿಗೆ ಹೊರಗೆ ಹಾಕುವಂತಿಲ್ಲ! ಒರೆಸಲೂ ಮನಸ್ಸು ಬರಲಿಲ್ಲ. ಬಾಯಿ ಬಿಗಿಹಿಡಿದು ಹಾಗೇ ಗುಡ್ಡದ ಮೆಟ್ಟಿಲು ಹತ್ತಿದರು. ಫೋಟೊ ತೆಗೆಯಲು ಆಗ ಕೈಗೊಂದು ಮೊಬೈಲ್ ಇರಲಿಲ್ಲ, ಪುಣ್ಯ!

"ಬ್ರೇಕ್ ಹಾಕಿದ್ರ ಮುಂದ ಹೋಗಬೇಕಲ್ಲs?" ಹತ್ತುತ್ತಾ ಶಾಂತಾಳನ್ನು ಹಿಡಿದುಕೊಂಡೆ.

"ಬಸ್ಸು ಹಿಂದಕ್ಕ ಹೊಂಟಿತ್ತಜ್ಜಿ. ಹಿಂದ ಹೋಗೋ ಬಸ್ಸಿಗೆ ಬ್ರೇಕ್ ಹಾಕಿದ್ರ ವೇಗೋತ್ಕರ್ಷ ಪ್ಲಸ್."

"ವೇಗ ಕಡಿಮಿ ಆದ್ರೂ ಪ್ಲಸ್ಸಾ?"

"ಮುಂದಿನ ದಿಕ್ಕು ಪ್ಲಸ್ ಅಂತ ನಾವs ಇಟ್ಕೊಂಡೀವಲ್ಲ."

"ನಾವು ಅಂದ್ರ ಯಾರು? ನನ್ನನ್ನ ಯಾರು ಕೇಳಿದ್ರು?"

ಇದಕ್ಕೆ ಅವಳ ಪುಸ್ತಕದಲ್ಲಿ ಇವತ್ತಿಗೂ ಉತ್ತರವಿಲ್ಲ.

ಬೋಗುಣಿಯ ತಳ ಕೆರೆದು ಸಿಕ್ಕ ಒಂದು ಚಮಚದಷ್ಟು ಭರ್ತವನ್ನು ದೇವರಿಗೆ ಎಡೆ ಮಾಡಿದೆವು. ಯಜಮಾನರು ಕೈ ಮುಗಿದು, ಕಣ್ಣು ಮುಚ್ಚಿ, ಮೀಸೆ ನೆಕ್ಕಿದರು. ಆ ವರ್ಷದ ಅವರ ಚಂಪಾಷಷ್ಠಿ ಅಷ್ಟೇ.

ಆಮೇಲಿಂದ ನಾನು ಹಸಿ ಬದನೆಕಾಯಿ ಒಯ್ದು ಜೇಜುರಿಯಲ್ಲೇ ಸುಡುತ್ತೇನೆ. ವಿಜ್ಞಾನಕ್ಕೆ ಸೋತೆ ಅಂತಲ್ಲ! ಬಿಸಿಬಿಸಿ ಇದ್ದರೆ ದೇವರಿಗೆ ರುಚಿ. ಮೈನಸ್ ನನಗೆ ಪೂರ್ತಿ ತಿಳಿದಿದೆ, ಬೇಕಾದವರು ಬಂದು ಕೇಳಬಹುದು.

ಯಜಮಾನರು ಮಾತ್ರ ಬಸ್ಸಿನಲ್ಲಿ ನನ್ನ ಮುಂದೂ ಕೂಡುವುದಿಲ್ಲ, ಹಿಂದೂ ಕೂಡುವುದಿಲ್ಲ. ಅವರು ಇನ್ನೊಂದು ಬಸ್ಸಿಗೆ ಬರುತ್ತಾರೆ.